ಕೈ ಎತ್ತಿದವನ ಕುದುರೆ

ನಮ್ಮ ಧಣಿ ವರ್ಲನ್ ಟ್ಯಾಕೆಟ್ ವೆದರ್‌ಫರ್ಡ್ ಊರಿನ ಸುತ್ತಮುತ್ತ ನಲವತ್ತು ವರ್ಷಗಳಿಂದ ಕುದುರೆ ಮಾರುತ್ತಿದ್ದಾರೆ. ಅವರಲ್ಲಿ ನಾನು ಸಂಬಳದ ಆಳು. ಕೆಲಸ ಲದ್ದಿ ಬಾಚುವುದು. ಮೂರು ವರ್ಷದಲ್ಲಿ ನನಗೆ ಸಿಕ್ಕ ಬಡ್ತಿ ಎಂದರೆ ಇನ್ನೂ ದೊಡ್ಡ ಸಲಿಕೆ.

ಅವರು ಮಾರುವುದು ದನ ಬೇರ್ಪಡಿಸುವ ಕುದುರೆಗಳನ್ನು. ಸವಾರ ಮಂದೆಯಿಂದ ಒಂದು ಹಸುವನ್ನು ಹೊರಗೆ ತಂದು, ಲಗಾಮು ಹಿಡಿದ ಕೈಯನ್ನು ಕುದುರೆಯ ಕತ್ತಿನ ಮೇಲೆ ಇಳಿಸಬೇಕು. ಆಮೇಲೆ ಹಸು ಮಂದೆಗೆ ಮರಳದಂತೆ ತಡೆಯುವುದು ಕುದುರೆಯ ಪಾಡು. ಪಂದ್ಯದಲ್ಲಿ ನಡುವೆ ಕೈ ಎತ್ತಿದರೆ ಅಂಕ ಹೋಯಿತು. ಹಾಗಾಗಿ ಧಣಿಗಳ ಉಪದೇಶ ಎಲ್ಲದಕ್ಕೂ ಒಂದೇ: “ಕೈ ಇಳ್ಸು, ಸುಮ್ನೆ ಕೂತ್ಕೊ.” ನನ್ನ ಹಲ್ಲುನೋವಿಗೂ ಅದನ್ನೇ ಹೇಳಿದ್ದರು.

ಕಳೆದ ಚಳಿಗಾಲದಲ್ಲಿ ಅವರ ಹದಿನಾಲ್ಕು ವರ್ಷದ ಹೆಣ್ಣುಕುದುರೆ ಪೆಕಾನ್ ಎಡಕ್ಕೆ ತಿರುಗಿತು, ಧಣಿಗಳು ಬಲಕ್ಕೆ ಹೋದರು. ಸೊಂಟ ಮುರಿಯಿತು. ಇನ್ನೊಮ್ಮೆ ಬಿದ್ದರೆ ಗಾಲಿಕುರ್ಚಿಯೇ ಗತಿ ಎಂದರು ಡಾಕ್ಟರು. ಪೆಕಾನ್ ತನ್ನದಾಗಿರುವ ತನಕ ಈ ಮನುಷ್ಯ ಹತ್ತದೆ ಬಿಡುವುದಿಲ್ಲ, ಮಾರಲೇಬೇಕು ಎಂದು ಹೆಂಡತಿ ಲೋರೀನ್ ಪಟ್ಟು ಹಿಡಿದರು. ಧಣಿಗಳು ಒಪ್ಪಿದರು. ಒಪ್ಪಿದ ದಿನದಿಂದ ಊಟ ಬಿಟ್ಟು ಲಾಯದ ಬಾಗಿಲಿಗೆ ಒರಗಿ ನಿಲ್ಲತೊಡಗಿದರು.

ಮೂರು ಹರಾಜಿಗೆ ಪೆಕಾನನ್ನು ಕರೆದೊಯ್ದೆವು. ಮೂರು ಸಲವೂ ಧಣಿಗಳೇ ಕೊಂಡು ತಂದರು. ತಪ್ಪು ಅವರದಲ್ಲವಂತೆ, ಟೋಪಿಯದಂತೆ. ನಮ್ಮ ಕಡೆ ಹೆಂಗಸರು ಎದುರಾದರೆ ಟೋಪಿಯ ಅಂಚು ಮುಟ್ಟಬೇಕು. ಹರಾಜಿನಲ್ಲಿ ಅಂಚು ಮುಟ್ಟಿದರೆ ಬೆಲೆ ಕೂಗಿದ ಹಾಗೆ. ಪೆಕಾನ್ ಅಂಗಳಕ್ಕೆ ಬಂದಾಗಲೇ ಧಣಿಗಳ ಕಣ್ಣಿಗೆ ಹೆಂಗಸರು ಬೀಳುತ್ತಿದ್ದರು. ಮೂರನೆಯ ಸಲವಂತೂ ಗೋಡೆಯ ಮೇಲಿನ ನಿಂಬೆ ಪಾನಕದ ಜಾಹೀರಾತಿನ ಚಿತ್ರದವಳಿಗೂ ಮರ್ಯಾದೆ ಸಲ್ಲಿಸಿದರು.

ನಾಲ್ಕನೆಯ ಸಲ ಲೋರೀನ್ ಗಂಡನ ಟೋಪಿ ಕಿತ್ತು ನನಗೆ ಕೊಟ್ಟು, ಕೇಳಿದರೂ ಕೊಡಬೇಡ ಎಂದು ಹೇಳಿ ಕಾಗದಪತ್ರ ಮಾಡಿಸಲು ಹೋದರು. ನನ್ನ ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಕಾಳು-ಮಾಂಸದ ಸಾರಿನ ಬಟ್ಟಲು. ಹಿಡಿಯಲು ಕೈ ಇಲ್ಲದೆ ಟೋಪಿಯನ್ನು ಹೇಗೋ ತಲೆಗೇ ಹಾಕಿಕೊಂಡೆ. ಕಿವಿ ಮುಚ್ಚಿತು. ಧಣಿಗಳು ಬೋಳುತಲೆಯಲ್ಲಿ, ಎರಡೂ ಅಂಗೈಗಳ ಮೇಲೆ ಕೂತರು.

ಪೆಕಾನ್ ಒಳಗೆ ಬಂತು. ಯಾರೂ ಕೂಗಲಿಲ್ಲ. ಅದು ಕೊನೆಗೆ ಧಣಿಗಳ ಮನೆಗೇ ಮರಳುವ ಕುದುರೆ ಎಂದು ಊರಿಗೆಲ್ಲ ಗೊತ್ತಿತ್ತು. ಬೆಲೆ ಇಳಿಯುತ್ತಾ ಇಳಿಯುತ್ತಾ ಬಂದಾಗ, ವಿಷಯ ತಿಳಿಯದ ಒಕ್ಲಹೋಮದವನೊಬ್ಬ ಬೆರಳೆತ್ತಿದ. “ಒಂದು ಸಲ, ಎರಡು ಸಲ,” ಎಂದ ಹರಾಜುಗಾರ. ಧಣಿಗಳ ಗದ್ದ ನಡುಗುತ್ತಿತ್ತು, ಕೈ ಮಾತ್ರ ಏಳಲಿಲ್ಲ.

ಅಷ್ಟರಲ್ಲಿ ಲೋರೀನ್ ಮೆಟ್ಟಿಲಲ್ಲಿ ಬಂದು ನಿಂತರು. ಗಂಡನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮೂರು ವರ್ಷ ನನ್ನನ್ನು ‘ಲೋ’ ಬಿಟ್ಟು ಬೇರೆ ಕರೆದವರಲ್ಲ.

“ಗುಡ್ ಮಾರ್ನಿಂಗ್, ಸಾರ್,” ಎಂದರು.

ಸಾರ್ ಎನಿಸಿಕೊಂಡವನು ಸುಮ್ಮನೆ ಕೂರುವುದುಂಟೇ? ಬಟ್ಟಲನ್ನು ತೊಡೆಯ ಮೇಲಿಟ್ಟು ಟೋಪಿಯ ಅಂಚು ಮುಟ್ಟಿದೆ. ಒಕ್ಲಹೋಮದವನು ಇನ್ನು ಏರಿಸುವುದಿಲ್ಲವೆಂದು ತಲೆ ಅಲ್ಲಾಡಿಸಿದ. ಕುದುರೆ ನನಗೆಂದು ಸುತ್ತಿಗೆ ಬಿತ್ತು.

“ಅಮ್ಮಾ, ನಾನು ಬರೀ ಮರ್ಯಾದೆಗೆ…”

“ಗೊತ್ತು ಕಣೋ. ದುಡ್ಡು ಸಂಬಳದಲ್ಲಿ ಹಿಡ್ಕೋತೀನಿ. ಕುದ್ರೆ ನಿಂದು, ಲಾಯ ನಂದು. ಇವ್ರನ್ನ ಹತ್ತಿಸ್ದೆ ಅಂದ್ರೆ ನಿನ್ ಸೊಂಟ ನಾನೇ ಮುರೀತೀನಿ.”

ಈಗ ಪೆಕಾನ್ ಅದೇ ಲಾಯದಲ್ಲಿದೆ. ಧಣಿಗಳು ಹೊಟ್ಟೆ ತುಂಬ ಉಂಡು ಬಂದು, ಟೋಪಿ ಮುಟ್ಟಿ, “ನಿನ್ ಕುದ್ರೆ ಮೈ ಉಜ್ಲೇನಪ್ಪಾ?” ಎಂದು ಅಪ್ಪಣೆ ಕೇಳುತ್ತಾರೆ. ಬೇಲಿಗೆ ಒರಗಿ ನನಗೆ ಸವಾರಿ ಕಲಿಸುತ್ತಾರೆ. ನಿನ್ನೆ ಪೆಕಾನ್ ಎಡಕ್ಕೆ ತಿರುಗಿತು, ನಾನು ಬಲಕ್ಕೆ ಹೋದೆ. ಬಾಯ್ತುಂಬ ಮರಳು. ಬೇಲಿಯ ಕಡೆಯಿಂದ ತೃಪ್ತಿಯ ದನಿ ಕೇಳಿತು:

“ಕೈ ಎತ್ದೆ ನೋಡು.”

ಎತ್ತಿದ್ದೆ. ಇಲ್ಲದಿದ್ದರೆ ಈ ಕುದುರೆ ನನ್ನದೇಕೆ ಆಗುತ್ತಿತ್ತು?