ಇಪ್ಪತ್ತೇಳನೆಯ ನಂಬರಿನ ಹಾಜರಿ

ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಜಾದವ್‌ಪುರದ ಕಾಲೇಜೊಂದರಲ್ಲಿ ಬೆಂಕಿ ಅನಾಹುತದ ಅಣಕು ಕಾರ್ಯಾಚರಣೆ ನಡೆಯಿತು. ಪತ್ರಿಕೆಯ ವರದಿಗೆ ನಾನು ಹೋಗಿದ್ದೆ. ಮೆಟ್ಟಿಲ ಕೆಳಗೆ ತಗಡಿನ ಡಬ್ಬದಲ್ಲಿ ಒದ್ದೆ ಗೋಣಿ ಸುಟ್ಟು ಹೊಗೆ ಎಬ್ಬಿಸಿದ್ದರು. ಸಮಯ ಬರೆದುಕೊಂಡೆ. ಆ ವಾಸನೆ ನನಗೆ ಮೊದಲು ಪರಿಚಯವಾದದ್ದು ನಮ್ಮ ಲ್ಯಾಬ್ ಸ್ಯಾರ್ ಮಾಡಿಸುತ್ತಿದ್ದ ಡ್ರಿಲ್‌ಗಳಲ್ಲಿ...

ನಾನು ಓದಿದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬನ್ನು ನೋಡಿಕೊಳ್ಳುತ್ತಿದ್ದವರು ಅವರು. ಲೇಕ್ ಗಾರ್ಡನ್ಸ್‌ನಲ್ಲಿ ನಮ್ಮದೇ ಕಟ್ಟಡದ ನೆಲಮಹಡಿಯಲ್ಲಿ ಒಬ್ಬರೇ ಇದ್ದರು. ಬ್ಯಾಂಕಿನ ವರ್ಗಾವಣೆಯಲ್ಲಿ ಅಪ್ಪನೊಂದಿಗೆ ಉಡುಪಿಯಿಂದ ಬಂದ ನಾವು ಮೂರನೆಯ ಮಹಡಿಯಲ್ಲಿದ್ದೆವು. ಹಾಗಾಗಿ ಸ್ಯಾರ್ ಕೈಯಿಂದ ನನಗೆ ಕಾಲೇಜಿನಲ್ಲೂ ಬಿಡುಗಡೆ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ, ದುರ್ಗಾಪೂಜೆಗೆ ಮುಂಚೆ ಇನ್ನೊಂದು ಭಾನುವಾರ, ಹೊಗೆ ತುಂಬಿದರೆ ಇಳಿಯುವುದು ಹೇಗೆಂದು ಅಭ್ಯಾಸ ಮಾಡಿಸಲು ತಪ್ಪದೆ ಮೇಲೆ ಬರುತ್ತಿದ್ದರು. ಅಮ್ಮ ಗ್ಯಾಸ್ ಆಫ್ ಮಾಡಿ, ಮೇನ್ ಸ್ವಿಚ್ ಇಳಿಸಿ, ಕಣ್ಣು ಮುಚ್ಚಿ, ಎಡಗೈಯನ್ನು ಗೋಡೆಯಿಂದ ತೆಗೆಯದೆ ಕೆಳಗಿನ ತನಕ ಇಳಿಯಬೇಕು. ಸ್ಯಾರ್ ನಾಲ್ಕು ಮೆಟ್ಟಿಲು ಮುಂದೆ ನಿಂತು ಕಾಯುತ್ತಿದ್ದರು.

“ಬೌದಿ, ಕಣ್ಣು ಬಿಟ್ಟಿರಿ. ಮತ್ತೆ ಮೇಲಿಂದ.”

ಬೌದಿ ಅಂದರೆ ಅತ್ತಿಗೆ. ಅಮ್ಮ ನನ್ನ ಕಡೆ ತಿರುಗಿ ಕನ್ನಡದಲ್ಲಿ ಗೊಣಗುತ್ತಿದ್ದರು: “ಎಂತ ಮಾರಾಯ್ತಿ, ಈ ಪ್ರಾಯದಲ್ಲಿ ನನಗೆ ಕಣ್ಣಾಮುಚ್ಚಾಲೆ! ಅಲ್ಲಿ ಸಾರು ತಣಿದು ಹೋಯ್ತು.” ಗೊಣಗಿದರೂ ಮತ್ತೆ ಮೇಲಿಂದಲೇ ಇಳಿಯುತ್ತಿದ್ದರು.

ಕಾಲೇಜಿನಲ್ಲೂ ವರ್ಷಕ್ಕೆರಡು ಸಲ ಡ್ರಿಲ್. ನಾನು ಎರಡನೆಯ ವರ್ಷದಲ್ಲಿದ್ದಾಗ ಒಂದು ದಿನ ಗಂಟೆ ಬಡಿಯಿತು, ಮೈದಾನಕ್ಕೆ ಇಳಿದೆವು, ಸ್ಯಾರ್ ನಂಬರ್ ಕರೆಯತೊಡಗಿದರು. ಇಪ್ಪತ್ತೇಳು ನನ್ನ ಗೆಳತಿಯ ನಂಬರು. ಅವಳು ಕಾಣಲಿಲ್ಲ. ಕ್ಯಾಂಟೀನಿಗೆ ಜಾರಿಕೊಂಡಿರಬೇಕು ಅಂದುಕೊಂಡು, ತಲೆ ತಗ್ಗಿಸಿ, ದನಿ ಬದಲಿಸಿ “ಪ್ರೆಸೆಂಟ್ ಸ್ಯಾರ್” ಅಂದೆ. ಕ್ಲಾಸಿನಲ್ಲಿ ನಾವು ಒಬ್ಬರಿಗೊಬ್ಬರು ಕೊಡುತ್ತಿದ್ದ ಪ್ರಾಕ್ಸಿಯೇ ಅದು, ನಾಲಿಗೆಗೆ ಅಭ್ಯಾಸವಾಗಿತ್ತು. ಸ್ಯಾರ್ ಒಮ್ಮೆ ಪುಸ್ತಕದಿಂದ ತಲೆ ಎತ್ತಿದರು. ಗುರುತು ಹಾಕಿದರು. ಎಲ್ಲರನ್ನೂ ಕ್ಲಾಸಿಗೆ ಕಳಿಸಿದರು.

ಅವಳನ್ನು ಲ್ಯಾಬಿನ ಪಕ್ಕದ ತಕ್ಕಡಿ ಕೋಣೆಯಲ್ಲಿ ಕೂರಿಸಿದ್ದವರು ಅವರೇ. ಯಾರಾದರೂ ಹುಡುಕಿಕೊಂಡು ಬರುವ ತನಕ ಏಳಬೇಡ ಅಂದಿದ್ದರಂತೆ. ಟಿಫಿನ್ ಹೊತ್ತಿಗೂ ಅವಳು ಬಾರದಿದ್ದಾಗ ನನಗೆ ಗಾಬರಿಯಾಯಿತು. ಮಹಡಿ ಮಹಡಿ ಹುಡುಕಿದೆ. ಬಾಗಿಲ ಹಿಂದೆ ನೆಲದ ಮೇಲೆ ಕೂತಿದ್ದಳು.

“ಬಂದೆಯಾ? ನಾನು ಸತ್ತು ಒಂದೂವರೆ ಗಂಟೆ ಆಯಿತು,” ಅಂದಳು. “ನನ್ನ ಪಾಲಿನ ಲೂಚಿನೂ ತಿಂದು ಮುಗಿಸಿದೆಯಾ?”

ನಗುತ್ತಲೇ ಅಂದಳು. ಆದರೆ ಕಣ್ಣು ಕೆಂಪಗಿದ್ದವು.

ಹೊರಗೆ ಬಂದಾಗ ಸ್ಯಾರ್ ಕಾರಿಡಾರಿನಲ್ಲಿ ನಿಂತಿದ್ದರು. ಬೈಯಲಿಲ್ಲ. ಹಾಜರಿ ಪುಸ್ತಕ ತೆರೆದು ಇಪ್ಪತ್ತೇಳರ ಮುಂದಿನ ಗುರುತನ್ನು ತೋರಿಸಿದರು. “ಫೈರ್ ಬ್ರಿಗೇಡಿನವರು ಇದನ್ನು ನೋಡ್ತಾರೆ, ನಂಬ್ತಾರೆ, ವಾಪಸ್ ಹೋಗ್ತಾರೆ. ತಿಳೀತಾ ಮಾ?”

ಮುಂದಿನ ಡ್ರಿಲ್‌ನಿಂದ ನಂಬರ್ ಕರೆಯುವುದನ್ನು ಬಿಟ್ಟರು. ಯಾರು ಬಂದಿಲ್ಲ ಹೇಳಿ, ಎಂದಷ್ಟೇ ಕೇಳುತ್ತಿದ್ದರು. ಅಕ್ಕಪಕ್ಕದವರ ಮುಖ ನೋಡದೆ ಅದಕ್ಕೆ ಉತ್ತರ ಕೊಡಲಾಗುತ್ತಿರಲಿಲ್ಲ.

ನಾನು ಪತ್ರಿಕೆಗೆ ಸೇರಿದ ಮೇಲೆ, ಒಂದು ಬೆಳಿಗ್ಗೆ ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ಹೊತ್ತಿಕೊಂಡಿತು. ಮೆಟ್ಟಿಲ ತುಂಬ ಕಪ್ಪು ಹೊಗೆ. ಹೇಗೋ ಎಲ್ಲರೂ ರಸ್ತೆ ತಲುಪಿದೆವು. ಸ್ಯಾರ್ ಕಾಣಲಿಲ್ಲ. ಈ ಹೊತ್ತಿಗೆ ಅವರು ಮೀನು ತರಲು ಹೋಗಿರುತ್ತಾರೆ ಎಂದರು ಎದುರು ಮನೆಯವರು. ನನಗೂ ಸರಿ ಎನಿಸಿತು. ಫೈರ್ ಬ್ರಿಗೇಡಿನವರು ಬಂದು ಕೇಳಿದಾಗ, ಎಲ್ಲರೂ ಹೊರಗಿದ್ದೇವೆ ಎಂದು ಹೇಳಿದವಳು ನಾನೇ.

ಅಮ್ಮ ನನ್ನ ತೋಳು ಹಿಡಿದು ಎಳೆದರು. “ಅವರು ಪೇಟೆಗೆ ಹೋಗ್ಲಿಲ್ಲ. ಮೀನಿನ ಚೀಲ ಅವರ ಬಾಗಿಲಲ್ಲೇ ಉಂಟು. ಇಳಿಯುವಾಗ ನನ್ನ ಕೈಗೆ ತಾಗಿತು.”

ಆ ಹೊಗೆಯಲ್ಲಿ ಅಮ್ಮ ಕಣ್ಣು ಮುಚ್ಚಿ, ಎಡಗೈ ಗೋಡೆಗೆ ಹಚ್ಚಿಯೇ ಇಳಿದಿದ್ದರು.

ಫೈರ್ ಬ್ರಿಗೇಡಿನವರು ಒಳಗೆ ಹೋಗಿ ನೋಡಿದಾಗ ಸ್ಯಾರ್ ತಾರಸಿಯ ಬಾಗಿಲ ಹತ್ತಿರ ಬಿದ್ದಿದ್ದರು. ಹೊಗೆ ಹೊರಹೋಗಲಿ ಎಂದು ಅದನ್ನು ತೆರೆಯಲು ಎಲ್ಲರಿಗಿಂತ ಮೊದಲೇ ಮೇಲೆ ಹೋಗಿದ್ದರಂತೆ. ಉಸಿರಿತ್ತು. ಆಸ್ಪತ್ರೆಯಿಂದ ಬಂದ ದಿನ ಅಮ್ಮ ಗಂಜಿ ಒಯ್ದಾಗ, ಒಡೆದ ದನಿಯಲ್ಲಿ “ಬೌದಿ, ಕಣ್ಣು ಬಿಟ್ಟಿರಲಿಲ್ಲ ತಾನೇ?” ಎಂದು ಕೇಳಿದರು. ರಸ್ತೆಯಲ್ಲಿ ನಾನು ಏನು ಹೇಳಿದ್ದೆ ಎಂಬುದನ್ನು ಅಮ್ಮ ಅವರಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಾಳೆ ಹೇಳಿದರಾಯಿತು, ಈ ಪೂಜೆ ಕಳೆಯಲಿ... ಎಂದುಕೊಳ್ಳುತ್ತಲೇ ವರ್ಷಗಳು ಹೋದವು.

ಸೋಮವಾರದ ಡ್ರಿಲ್‌ನಲ್ಲಿ ಹಾಜರಿ ತೆಗೆದುಕೊಂಡದ್ದು ಮೊಬೈಲಿನಲ್ಲಿ. ಯಾರಾದರೂ ಒಳಗೆ ಉಳಿದಿದ್ದರೆ ಹೇಗೆ ಗೊತ್ತಾಗುತ್ತದೆ ಎಂದು ಅಲ್ಲಿನ ಮೇಷ್ಟ್ರೊಬ್ಬರನ್ನು ಕೇಳಿದೆ. “ಎಲ್ಲ ಹಸಿರು ತೋರಿಸ್ತಿದೆಯಲ್ಲ ಮೇಡಂ,” ಅಂದರು. ವರದಿಯಲ್ಲಿ ಅದನ್ನೂ ಬರೆದೆ. ಜಾಗ ಸಾಲದೆ ಆ ಸಾಲು ಹೋಯಿತು.

ಸ್ಯಾರ್ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅಮ್ಮ ಆಗ ಉಡುಪಿಯಲ್ಲಿದ್ದರು. ಬಾಗಿಲು ಹಾಕಿದ್ದನ್ನು ನೋಡಿ, ಕಾಳಿಘಾಟಿನ ತಂಗಿಯ ಮನೆಗೆ ಹೋಗಿರಬೇಕು ಎಂದುಕೊಂಡೆವು. ಮರುದಿನ ಮಧ್ಯಾಹ್ನ ಆ ತಂಗಿಯೇ ಅಣ್ಣನನ್ನು ಹುಡುಕಿಕೊಂಡು ಬಂದ ಮೇಲೆ ಬಾಗಿಲು ಒಡೆದರು. ಪ್ರಾಣ ಹೋದದ್ದು ಹಿಂದಿನ ದಿನ ಬೆಳಿಗ್ಗೆ ಎಂದರು ಡಾಕ್ಟರು. ಅಷ್ಟರೊಳಗೆ ನಾನು ಆ ಬಾಗಿಲ ಮುಂದೆ ನಾಲ್ಕು ಸಲ ಹಾದುಹೋಗಿದ್ದೆ.