ಸೈಲೆನ್ಸರ್ ಮತ್ತು ಚಿಕ್ಕಮ್ಮನ ಪಾಯಸ

ನಿಮ್ಮ ಪಾಯಸ ಕೆಟ್ಟಿರಲಿಲ್ಲ, ಚಿಕ್ಕಮ್ಮ. ಮೂರು ವರ್ಷದ ಹಿಂದೆ ನಿಮ್ಮ ಮನೆಯಲ್ಲಿ ಉಂಡು ಸಾಸ್ವೆಹಳ್ಳಿಯಿಂದ ಚನ್ನಗಿರಿಗೆ ಹೊರಟೆವಲ್ಲ — ಮಧ್ಯಾಹ್ನ ಸರಿಯಾಗಿ ಮೂರು ಇಪ್ಪತ್ತಕ್ಕೆ ಅತ್ತಿಗೆ ತಲೆನೋವು ಎಂದರು. ಕಾರಣ ಕಾರಿನಡಿಯಲ್ಲಿತ್ತು. ಅದು ನನಗೆ ಗೊತ್ತಿತ್ತು.

ಅಂದು ಬೆಳಿಗ್ಗೆ ಹೊನ್ನಾಳಿಯ ಗ್ಯಾರೇಜಿನಲ್ಲಿ ಅಣ್ಣ ಗುಡುಗುವಂಥ ಹೊಸ ಸೈಲೆನ್ಸರ್ ಹಾಕಿಸಿದ್ದ. ಅದು ಬೇರೆ ಕಾರಿನ ಅಳತೆಯದು. ಅಣ್ಣ ಚಹಾಕ್ಕೆ ಹೋದಾಗ ಮೆಕ್ಯಾನಿಕ್ ನನಗೆ ಹೇಳಿದ: "ಜಾಯಿಂಟ್ ಸರಿ ಕೂತಿಲ್ರೀ, ಹೊಗೆ ಗಾಡಿ ಒಳಗೆ ಬರ್ತೈತೆ. ವೆಲ್ಡಿಂಗ್ ಮಾಡೋನು ಸಂಜಿಗೆ ಬರ್ತಾನೆ. ನಿಮ್ಮಣ್ಣಾರಿಗೆ ಹೇಳ್ರಿ."

ಅಣ್ಣ ಬಂದ, ಎಂಜಿನ್ ಗುಡುಗಿಸಿದ. "ಹೆಂಗೈತೋ?"

"ಸೂಪರ್ ಐತಣ್ಣ."

ಅಷ್ಟೇ ಹೇಳಿದೆ. ಊಟಕ್ಕೆ ತಡವಾಗುತ್ತಿತ್ತು ಎಂದು — ಅಲ್ಲ, ಅವನ ಮುಖ ಬಾಡುವುದು ನನಗೆ ಬೇಕಿರಲಿಲ್ಲ.

ನಿಮ್ಮಲ್ಲಿಗೆ ಬರುವಾಗ ಕಿಟಕಿ ತೆರೆದಿತ್ತು. ಹಿಂದಿರುಗುವಾಗ ಬಿಸಿಲೆಂದು ಮುಚ್ಚಿ ಎ.ಸಿ. ಹಾಕಿದೆವು. "ಚಿಕ್ಕಮ್ಮನ ಪಾಯಸ ಅಮಲು ಏರಿಸ್ತಾ ಐತೆ ನೋಡೋ," ಎಂದು ಅಣ್ಣ ನಕ್ಕ. ನಕ್ಕವನ ಕಾರು ಭದ್ರಾ ನಾಲೆಯ ಕಡೆಗೆ ವಾಲತೊಡಗಿತು. ಅವನ ಕಣ್ಣು ತೆರೆದೇ ಇತ್ತು — ಅದನ್ನು ಇವತ್ತಿಗೂ ನೋಡುತ್ತಲೇ ಇದ್ದೇನೆ. ಹ್ಯಾಂಡ್‌ಬ್ರೇಕ್ ಎಳೆದೆ. ನೀರು ನಾಲ್ಕು ಹೆಜ್ಜೆ ದೂರವಿತ್ತು. ಹಿಂದಿನ ಸೀಟಿನಲ್ಲಿದ್ದ ಐದು ವರ್ಷದ ಚಿನ್ನು, ಅಣ್ಣನ ಮಗಳು, ಕೂಗಿದರೂ ಏಳಲಿಲ್ಲ. ಬಾಗಿಲುಗಳನ್ನೆಲ್ಲ ತೆರೆದವನು ನಾನೇ. ಗಾಳಿ ತಗುಲಿ ಬಹಳ ಹೊತ್ತಾದ ಮೇಲೆ ಅವಳು ವಾಂತಿ ಮಾಡಿಕೊಂಡು ಅತ್ತಳು.

ಆಸ್ಪತ್ರೆಯಲ್ಲಿ ಡಾಕ್ಟರು "ಏನು ತಿಂದಿದ್ರಿ?" ಎಂದರು. ಅತ್ತಿಗೆ ಪಾಯಸ ಎಂದರು. ನಾನು ಗೋಡೆ ನೋಡಿದೆ. ಅದೇ ಪಾಯಸ ಉಂಡ ನಿಮಗೇನೂ ಆಗಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಮರುದಿನ ಯಾರಿಗೂ ತಿಳಿಯದಂತೆ ನಾನೇ ಹೋಗಿ ಜಾಯಿಂಟ್ ವೆಲ್ಡಿಂಗ್ ಮಾಡಿಸಿದೆ.

ಕಳೆದ ತಿಂಗಳು ನಾಮಕರಣದಲ್ಲಿ ಯಾರೋ ನಿಮ್ಮ ಕೈಯಿಂದ ಸೌಟು ತೆಗೆದುಕೊಂಡು "ನೀವು ಕೂತ್ಕಳ್ರಿ" ಎಂದರು. ನೀವು ಕೂತಿರಿ. ಮನೆಗೆ ಬಂದವರಿಗೆ ನೀವೀಗ ಅಂಗಡಿಯ ಬಿಸ್ಕತ್ತು ಕೊಡುತ್ತೀರಿ, ಪ್ಯಾಕೆಟ್ಟನ್ನು ಅವರ ಕಣ್ಣೆದುರೇ ಒಡೆದು —

ಈ ಕಾಗದವನ್ನು ಮೊದಲು ಅಣ್ಣ ಅತ್ತಿಗೆಯ ಎದುರು ಓದುತ್ತೇನೆ. ಆಮೇಲೆ ನಿಮ್ಮ ಕೈಗೆ ನಾನೇ ತಂದುಕೊಡುತ್ತೇನೆ.

ಇನ್ನೊಂದು ಉಳಿದಿದೆ. ಅದಾದ ಮೇಲೆ ಅತ್ತಿಗೆ ರಾತ್ರಿಯೆಲ್ಲ ಎದ್ದೆದ್ದು ಚಿನ್ನುವಿನ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದರು. ಹತ್ತನೆಯ ದಿನ, ಗುರುವಾರ, ಅಣ್ಣ ಹೇಳಿದ: "ಇನ್ಮ್ಯಾಲೆ ಚಿಕ್ಕಮ್ಮನ ಮನ್ಯಾಗೆ ಉಣ್ಣಾದು ಬ್ಯಾಡ." ಅಂದು ಮನೆಮಂದಿಯೆಲ್ಲ ಬೆಳಗಿನವರೆಗೂ ನಿದ್ದೆ ಮಾಡಿದರು.

ನಾನೂ ಮಾಡಿದೆ.