ರೈಲು ಬಿಚ್ಚಿದ ಜಾಕೆಟ್

ಆಬಾ ಎಸುಮಾನಳ ಬಗ್ಗೆ ಒಳ್ಳೆಯ ಮಾತಾಡಿ ನನಗೆ ಅಭ್ಯಾಸವಿಲ್ಲ. ಹದಿನೇಳು ವರ್ಷದಿಂದ ನನ್ನ ಕ್ಷೌರದಂಗಡಿಗೂ ಅವಳ ಹೊಲಿಗೆಯ ಗೂಡಂಗಡಿಗೂ ನಡುವೆ ಇರುವುದು ಒಂದೇ ಹಲಗೆಗೋಡೆ. ಕೂದಲು ಗುಡಿಸಿ ಅವಳ ಬಾಗಿಲಿಗೆ ತಳ್ಳುತ್ತೇನೆಂದು ಅವಳು, ಬಣ್ಣದ ನೀರು ತಂದು ನನ್ನ ಬೆಂಚಿನ ಕೆಳಗೆ ಸುರಿಯುತ್ತಾಳೆಂದು ನಾನು, ಬೆಳಗಿನ ಗಂಜಿ ಕುಡಿಯುವ ಮುಂಚೆಯೇ ಒಂದು ಸುತ್ತು ಜಗಳ ಮುಗಿಸಿರುತ್ತೇವೆ. ಆದರೂ ಸಾಲ್ಟ್‌ಪಾಂಡ್‌ನಿಂದ ಕೇಪ್‌ಕೋಸ್ಟ್‌ವರೆಗಿನ ಈ ಕರಾವಳಿಯಲ್ಲಿ ಹಳೆಯ ಜೀನ್ಸ್ ಜಾಕೆಟ್ಟಿಗೆ ಅವಳ ಹಾಗೆ ಜೀವ ಕೊಡುವವರು ಇನ್ನೊಬ್ಬರಿಲ್ಲ. ಎದುರಿಗೆ ಹೇಳಿದರೆ ತಲೆಯ ಮೇಲೆ ಕೂರುತ್ತಾಳೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಅವಳಪ್ಪ ಬಾವುಟ ಹೊಲಿಯುತ್ತಿದ್ದರು. ನಮ್ಮೂರಲ್ಲಿ ಹುಟ್ಟಿದವರೆಲ್ಲ ಎರಡರಲ್ಲಿ ಒಂದು ದಳಕ್ಕೆ ಸೇರಿದವರೇ. ಹಿಂದೆ ಯುದ್ಧಕ್ಕೆಂದು ಕಟ್ಟಿದ ದಳಗಳು ಅವು. ಯುದ್ಧಗಳು ನಿಂತು ಎಷ್ಟೋ ತಲೆಮಾರಾಯಿತು, ಸಿಟ್ಟು ಮಾತ್ರ ಇನ್ನೂ ನಿಂತಿಲ್ಲ. ಒಂದೊಂದು ದಳಕ್ಕೂ ದಾರಿಬದಿಯಲ್ಲಿ ಅದರದೇ ಕಟ್ಟೆ, ಅದರದೇ ಬಾವುಟ, ಬಾವುಟದ ಮೇಲೆ ಅದರದೇ ಚಿತ್ರ. ಮೊಸಳೆ ಮತ್ತು ಬೀಗ ನಮ್ಮ ಎರಡನೇ ದಳದವು. ತಿಮಿಂಗಿಲ ಮತ್ತು ರೈಲು ಒಂದನೇ ದಳದವು. ಒಬ್ಬರ ಚಿತ್ರವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಹಳಿಯನ್ನೇ ಕಾಣದ ಊರಲ್ಲಿ ರೈಲು ಯಾರದೆಂದು ನಮ್ಮ ಅಜ್ಜಂದಿರು ಹೊಡೆದಾಡಿದ್ದಾರೆ. ನನ್ನ ಅಜ್ಜನ ಎಡಗಿವಿ ಹೋದದ್ದು ಆ ಜಗಳದಲ್ಲೇ.

ನಾನು ಎರಡೂ ದಳದವರ ತಲೆ ಬೋಳಿಸುವ ಹಾಗೆ ಆಬಾಳ ಅಪ್ಪ ಎರಡೂ ದಳಕ್ಕೆ ಹೊಲಿಯುತ್ತಿದ್ದರು. ಬಾವುಟವನ್ನು ಹೆಂಗಸರು ಹೊಲಿಯುವ ಪದ್ಧತಿ ಇರಲಿಲ್ಲ. ಆಬಾ ಮೇಜಿನ ಕೆಳಗೆ ಕೂತು ಕತ್ತರಿಸಿ ಬಿದ್ದ ಚೂರುಗಳನ್ನು ಆಯುತ್ತಿದ್ದಳು, ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು, ಅಷ್ಟೇ. ಅಪ್ಪ ಹೋದಾಗ ಅವಳಿಗೆ ಹತ್ತೊಂಬತ್ತು. ಆಮೇಲೆ ಹತ್ತು ವರ್ಷ ಶಾಲೆಯ ಮಕ್ಕಳ ಯೂನಿಫಾರಂ ಹೊಲಿದಳು. ಆ ಹತ್ತು ವರ್ಷದ ಬಗ್ಗೆ ಕೇಳಿದರೆ ಇವತ್ತಿಗೂ ಆಕಳಿಸುತ್ತಾಳೆ.

ಜಾಕೆಟ್ಟಿನ ಹುಚ್ಚು ಹತ್ತಿದ್ದು ಮಾಂಕೆಸಿಮ್ ಸಂತೆಯಲ್ಲಿ. ಹೊರದೇಶದಿಂದ ಮೂಟೆಗಟ್ಟಲೆ ಬರುವ ಹಳೇ ಬಟ್ಟೆಗೆ ನಾವು ‘ಸತ್ತ ಬಿಳಿಯನ ಬಟ್ಟೆ’ ಅನ್ನುತ್ತೇವೆ. ಬದುಕಿರುವ ಯಾವನು ಇಷ್ಟು ಗಟ್ಟಿ ಬಟ್ಟೆಯನ್ನು ಬಿಟ್ಟುಕೊಡುತ್ತಾನೆ? ಒಳ್ಳೆಯವನ್ನು ಜನ ಬಾಚಿಕೊಂಡ ಮೇಲೆ ಮೊಣಕೈ ಹರಿದ, ಕಾಲರ್ ಸವೆದ ಜೀನ್ಸ್ ಜಾಕೆಟ್ಟುಗಳು ಕೆಸರಲ್ಲಿ ಬಿದ್ದಿರುತ್ತವೆ. ಆಬಾ ಅವನ್ನು ಎತ್ತಿ ಬಿಸಿಲಿಗೆ ಹಿಡಿಯುತ್ತಾಳೆ, ಕಂಕುಳ ಮೂಸುತ್ತಾಳೆ, ಹೊಲಿಗೆಯೊಳಗೆ ಬೆರಳು ತೂರಿಸುತ್ತಾಳೆ. ಮದುವೆಗೆ ಹುಡುಗಿ ನೋಡಲು ಹೋದವರೂ ಅಷ್ಟು ಪರೀಕ್ಷೆ ಮಾಡುವುದಿಲ್ಲ.

ಅವಳು ಹರಿದದ್ದನ್ನು ಮುಚ್ಚುವವಳಲ್ಲ. ಹರಿದ ಜಾಗವೇ ಏಡಿಯ ಬಾಯಿಯಾಗುತ್ತದೆ, ದೋಣಿಯ ಪಟವಾಗುತ್ತದೆ. ಅದಕ್ಕೆ ಹೊಂದುವ ಬಟ್ಟೆಯನ್ನು ಗೀಟು ಹಾಕದೆ ನೇರವಾಗಿ ಕತ್ತರಿಸಿ, ಅಂಚು ಮಡಚಿ, ಕೈಯಲ್ಲೇ ಸಣ್ಣ ಸಣ್ಣ ಹೊಲಿಗೆ ಹಾಕುತ್ತಾಳೆ. ಸುತ್ತ ಬಣ್ಣ. ಮೊದಮೊದಲು ಮೀನುಗಾರರ ದೋಣಿಗೆ ಬಳಿದು ಮಿಕ್ಕ ಎಣ್ಣೆಬಣ್ಣವನ್ನೇ ಹಚ್ಚಿದ್ದಳು. ಚರ್ಚಿನಲ್ಲಿ ಹಾಡುವವನೊಬ್ಬ ಆ ಜಾಕೆಟ್ ತೊಟ್ಟು ಬಾಡಿಗೆ ವ್ಯಾನಿನಲ್ಲಿ ಕೂತವನು ಏಳಲಾರದೆ, ಸೀಟಿನ ಹೊದಿಕೆಯ ಸಮೇತ ಇಳಿದುಬಂದ. ಅಂದಿನಿಂದ ಗೋಡೆಗೆ ಹೊಡೆಯುವ ನೀರುಬಣ್ಣಕ್ಕೆ ಬಿಳಿ ಅಂಟು ಬೆರೆಸಿ, ತೆಳ್ಳಗೆ ಮೂರು ಸಲ ಬಳಿದು, ನೆರಳಲ್ಲಿ ಒಣಗಿಸಿ, ಒಳಮಗ್ಗುಲಿನಿಂದ ಇದ್ದಿಲ ಇಸ್ತ್ರಿಪೆಟ್ಟಿಗೆ ಒತ್ತುತ್ತಾಳೆ. ಎಷ್ಟು ಒಗೆದರೂ ಹೋಗುವುದಿಲ್ಲ. ಈಗ ಅಕ್ರಾದ ಹುಡುಗರು ಬಸ್ಸು ಹತ್ತಿ ಹುಡುಕಿಕೊಂಡು ಬರುತ್ತಾರೆ, ಬಂದು ನನ್ನ ಬೆಂಚಿನ ಮೇಲೆ ಕೂತು ನನ್ನ ಗಿರಾಕಿಗಳಿಗೆ ಜಾಗವಿಲ್ಲದ ಹಾಗೆ ಮಾಡುತ್ತಾರೆ.

ಹೋದ ಆಗಸ್ಟಿನಲ್ಲಿ ಎಕುವಾ ಬೆಂಟ್ಸಿಲ್ ಎಂಬ ಹುಡುಗಿ ಬಂದಳು. ಇಪ್ಪತ್ತೆರಡರ ಪ್ರಾಯ, ತಾಯಿಯ ಜೊತೆ ತಕೊರಾಡಿಯಲ್ಲಿ ಬೆಳೆದವಳು. ಅವಳಪ್ಪ ಎಬೊ ನಮ್ಮೂರಿನವನು, ರೈಲಿನ ಡ್ರೈವರ್. ತೀರಿಕೊಂಡು ಹತ್ತು ತಿಂಗಳಾಗಿತ್ತು. ನಮ್ಮಲ್ಲಿ ಮನೆ, ಹೊಲ ತಾಯಿಯ ಕಡೆಯಿಂದ ಬರುತ್ತವೆ, ದಳ ಮಾತ್ರ ಅಪ್ಪನಿಂದ. ಹಾಗಾಗಿ ಎಬೊನಿಂದ ಮಗಳಿಗೆ ಬಂದದ್ದು ಎರಡೇ: ನಮ್ಮ ಎರಡನೇ ದಳ, ಮತ್ತು ಡ್ಯೂಟಿಗೂ ಊರಿಗೆ ಬಂದಾಗಲೂ ತೊಡುತ್ತಿದ್ದ ಒಂದು ಜೀನ್ಸ್ ಜಾಕೆಟ್. ಊರ ಹಾದಿಯ ಗಿಡಗಂಟಿ ಕಡಿದು ದಾರಿ ಸವರುವ ಹಬ್ಬದ ದಿನ ದಳದ ಮೆರವಣಿಗೆಯಲ್ಲಿ ಅಪ್ಪನ ಜಾಗದಲ್ಲಿ, ಅಪ್ಪನ ಜಾಕೆಟ್ ತೊಟ್ಟು ನಡೆಯಬೇಕೆಂಬುದು ಅವಳ ಆಸೆ.

"ಬೆನ್ನ ಮೇಲೆ ಅಪ್ಪ ಕಾಣ್ಬೇಕು ಆಂಟಿ," ಅಂದಳು.

"ಮುಖ ಬರೆಯೋಕೆ ನಂಗೆ ಬರಲ್ಲ ಮಗಳೇ. ಕೋತಿ ಥರ ಆದ್ರೆ ನೀನೇ ಬೈತೀಯ."

"ಮುಖ ಬೇಡ. ಅವರು ಮಾಡ್ತಿದ್ದ ಕೆಲಸ ಕಂಡ್ರೆ ಸಾಕು."

ಹಬ್ಬಕ್ಕೆ ಎರಡು ದಿನ ಇರುವಾಗ ಆಬಾ ಕೆಲಸ ಮುಗಿಸಿ ಜಾಕೆಟ್ಟನ್ನು ಬಾಗಿಲ ಮೊಳೆಗೆ ತೂಗುಹಾಕಿದಳು. ಬೆನ್ನ ತುಂಬ ಕೆಂಪು ಬಟ್ಟೆಯ ಇಂಜಿನ್, ಬಿಳಿ ಚಕ್ರ, ಕಿಟಕಿಯಲ್ಲಿ ಪುಟ್ಟ ಡ್ರೈವರ್. ಸುತ್ತ ಹಳದಿ ಆಕಾಶ, ಹಸಿರು ತೆಂಗು, ಕೆಳಗೆ ಕಪ್ಪು ಹಳಿ. ನಾನು ಕತ್ತರಿ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ನೋಡಿದೆ. ಚೆನ್ನಾಗಿದೆ ಅನ್ನುವ ಬದಲು ತೆಂಗಿನಮರ ಸೊಟ್ಟಗಿದೆ ಅಂದೆ.

ಆಗ ನನ್ನ ಕುರ್ಚಿಯಲ್ಲಿದ್ದವನು ಫೀಫಿ. ದೋಣಿಯವನು, ಒಂದನೇ ದಳ. ಅರ್ಧ ತಲೆ ಬೋಳಾಗಿತ್ತು. ಕನ್ನಡಿಯಲ್ಲಿ ಜಾಕೆಟ್ ಕಂಡದ್ದೇ ಎದ್ದು ನಿಂತ.

"ಆಂಟಿ ಆಬಾ, ಯಾರಿಗಿದು?"

"ಎಬೊ ಮಗಳಿಗೆ. ಯಾಕೋ, ನಿಂಗೂ ಒಂದು ಬೇಕಾ?"

"ಎಬೊ ಎರಡನೇ ದಳದೋನು. ರೈಲು ನಮ್ದು!"

"ಜಾಕೆಟ್ ಕಣೋ ಇದು, ಬಾವುಟ ಅಲ್ಲ. ಹೋದ ವರ್ಷ ನಿನ್ನ ಬೆನ್ನ ಮೇಲೆ ಮೊಸಳೆ ಹೊಲಿದುಕೊಟ್ನಲ್ಲ, ಯಾವೋನಾದ್ರೂ ಬಂದು ಕೇಳಿದ್ನಾ?"

"ಅದನ್ನ ಹಾಕ್ಕೊಂಡು ನಾನು ಅಕ್ರಾದಲ್ಲಿ ತಿರುಗಿದ್ದು. ಇವಳು ಹಬ್ಬದ ದಿನ ನಮ್ಮ ಕಟ್ಟೆ ಮುಂದೆನೇ ಹೋಗ್ತಾಳೆ. ನೋಡು, ಉದ್ದ ಚಿಮಣಿ, ಮೂರು ಚಕ್ರ, ಬಿಳಿ ಗಂಟೆ. ಇದು ನಮ್ಮ ಬಾವುಟದ ರೈಲೇ! ಕಣ್ಣಿಲ್ವಾ ನಿಂಗೆ?"

ಹೆಗಲ ಮೇಲಿನ ಟವೆಲ್ಲನ್ನೂ ತೆಗೆಯದೆ, ಅರ್ಧ ತಲೆಯಲ್ಲೇ ತಮ್ಮ ನಾಯಕನ ಮನೆಯ ಕಡೆ ಓಡಿದ. ಆ ಟವೆಲ್ ಇನ್ನೂ ವಾಪಸು ಬಂದಿಲ್ಲ.

ಆಬಾ ಸ್ಟೂಲಿನ ಮೇಲೆ ಕೂತುಬಿಟ್ಟಳು. ಎಬೊ ಓಡಿಸಿದ್ದು ಡೀಸೆಲ್ ಇಂಜಿನ್. ಅದಕ್ಕೆ ಉದ್ದ ಚಿಮಣಿ ಎಲ್ಲಿ ಬರಬೇಕು? ಬೇರೆ ಯಾವ ದರ್ಜಿಯಾಗಿದ್ದರೂ ಪಟ ನೋಡಿ ಡೀಸೆಲ್ ಇಂಜಿನ್ನನ್ನೇ ಕತ್ತರಿಸುತ್ತಿದ್ದ, ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಇವಳ ಕೈ ಅಪ್ಪನ ಮೇಜಿನ ಕೆಳಗಿಂದ ನೋಡಿ ಕಲಿತದ್ದು. ರೈಲು ಅಂದರೆ ಅವಳ ಕತ್ತರಿಗೆ ಗೊತ್ತಿದ್ದದ್ದು ಅಪ್ಪ ಒಂದನೇ ದಳಕ್ಕೆ ಹೊಲಿದುಕೊಟ್ಟ ರೈಲು ಒಂದೇ.

"ನಾನು ಯೋಚ್ನೆನೇ ಮಾಡ್ಲಿಲ್ಲ ಕೊಬಿನಾ," ಅಂದಳು. "ಕತ್ತರಿ ತಾನೇ ಹೋಯ್ತು. ನನ್ನ ಕೈಗೆ ಬೆಂಕಿ ಹಾಕ."

ಸಂಜೆಯೊಳಗೆ ಒಂದನೇ ದಳದ ನಾಯಕ ಕ್ವಮೆನಾ ಅರ್ಹಿನ್ ಅವರಿಂದ ಮಾತು ಬಂತು: ರೈಲು ತಮ್ಮ ಕಟ್ಟೆಯವರೆಗೆ ಬಂದರೆ ಅಲ್ಲಿಂದ ಮುಂದೆ ಹೋಗುವುದಿಲ್ಲ. ನಮ್ಮ ದಳದ ಹಿರಿಯರು ಇನ್ನೂ ಸುಲಭದ ದಾರಿ ಹಿಡಿದರು: ಹುಡುಗಿ ಬರಲಿ, ಜಾಕೆಟ್ ಬೇಡ. ಅದನ್ನು ಹೇಳುವ ಕೆಲಸ ನನ್ನ ತಲೆಗೆ ಕಟ್ಟಿದರು.

ಶುಕ್ರವಾರ ಬೆಳಿಗ್ಗೆ ಎಕುವಾ ಬಸ್ಸಿಳಿದು ನೇರ ಬಂದಳು. ಜಾಕೆಟ್ ನೋಡಿದಳು, ಡ್ರೈವರನ ಮೇಲೆ ಬೆರಳಾಡಿಸಿದಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಕೂಗಾಡಿದ್ದರೆ ನನಗೆ ವಾಸಿಯಿತ್ತು.

"ಈ ಊರಲ್ಲಿ ನನ್ನ ಮುಖ ಯಾರಿಗೂ ಗೊತ್ತಿಲ್ಲ ಅಂಕಲ್. ಜಾಕೆಟ್ ಮಾತ್ರ ಗೊತ್ತು. ಅದಿಲ್ದೆ ನಡೆದ್ರೆ ಹಬ್ಬ ನೋಡೋಕೆ ಬಂದ ಯಾವಳೋ ಒಬ್ಬಳು ಅಂದ್ಕೋತಾರೆ. ಅದಕ್ಕಿಂತ ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗ್ತೀನಿ."

ಆಬಾ ಹಲಗೆಗೋಡೆ ಬಡಿದಳು. "ಏಯ್ ಕೊಬಿನಾ, ಭಾಷಣ ಮುಗೀತಾ? ಅರ್ಧ ಬ್ಲೇಡ್ ಕೊಡು. ಹೊಸದು ಕೊಡು, ಜಿಪುಣ."

ಬಾಗಿಲ ಬೆಳಕಿನಲ್ಲಿ ಜಾಕೆಟ್ಟನ್ನು ಮಡಿಲ ಮೇಲೆ ಹಾಕಿಕೊಂಡು ಬಿಚ್ಚತೊಡಗಿದಳು. ಮೂರು ದಿನ ಕೂತು ಹಾಕಿದ ಹೊಲಿಗೆ. ಒಂದೊಂದನ್ನೂ ಬ್ಲೇಡಿನ ತುದಿಯಿಂದ ಎತ್ತಿ, ಕಡಿದು, ದಾರ ಎಳೆದಳು. ಚಿಮಣಿ ಹೋಯಿತು, ಗಂಟೆ ಹೋಯಿತು, ಚಕ್ರಗಳು ಒಂದೊಂದಾಗಿ ಬಂದವು. ಕೊನೆಗೆ ಪುಟ್ಟ ಡ್ರೈವರನೂ. ಅವನನ್ನು ಅವಳು ಎಕುವಾಳ ಅಂಗೈಯಲ್ಲಿ ಇಟ್ಟಳು. ಮಧ್ಯಾಹ್ನ ನಾನು ಜೋಳದ ಹುಳಿಹಿಟ್ಟು ಬೇಯಿಸಿ ಮಾಡಿದ ಕೆಂಕೆಯ ಉಂಡೆ, ಹುರಿದ ಮೀನು ತಂದಿಟ್ಟೆ. ಇಬ್ಬರೂ ಮುಟ್ಟಲಿಲ್ಲ, ನಾನೇ ತಿಂದೆ.

ಬಣ್ಣ ಹಚ್ಚಿ ಆಮೇಲೆ ಹೊಲಿದರೆ ಸೂಜಿ ತೂತು ಬಿದ್ದ ಕಡೆ ಬಣ್ಣ ಒಡೆಯುತ್ತದೆ. ಹಾಗಾಗಿ ಆಬಾ ಯಾವಾಗಲೂ ಹೊಲಿಗೆ ಮುಗಿಸಿ ಆಮೇಲೆ ಬಟ್ಟೆಯ ಅಂಚಿನವರೆಗೆ ಬಣ್ಣ ತರುತ್ತಾಳೆ. ಎಲ್ಲ ಬಿಚ್ಚಿದ ಮೇಲೆ ಒದ್ದೆ ಬೆರಳಿನಿಂದ ಸೂಜಿಯ ತೂತುಗಳನ್ನು ತೀಡಿ, ಇಸ್ತ್ರಿ ಒತ್ತಿ, ಜಾಕೆಟ್ಟನ್ನು ಮತ್ತೆ ಮೊಳೆಗೆ ತೂಗುಹಾಕಿದಳು. ಹಳದಿ ಆಕಾಶದ ನಡುವೆ, ಬಣ್ಣ ತಾಗದೆ ಉಳಿದ ಹಳೇ ನೀಲಿ ಬಟ್ಟೆಯಲ್ಲಿ ಇಡೀ ರೈಲು ನಿಂತಿತ್ತು. ಚಿಮಣಿ ಇತ್ತು, ಗಂಟೆ ಇತ್ತು, ಮೂರು ಚಕ್ರವೂ ಇತ್ತು. ಎಬೊ ಎಷ್ಟೋ ವರ್ಷ ಬೆನ್ನಿಗೆ ಹಾಕಿಕೊಂಡು ಸವೆಸಿದ ಬಟ್ಟೆ ಅದು, ಒಂದು ಕಡೆ ಎಣ್ಣೆಯ ಕಲೆಯೂ ಕಾಣುತ್ತಿತ್ತು. ಕೆಂಪು ರೈಲಿಗಿಂತ ಇದು ನೂರು ಪಾಲು ಚೆನ್ನಾಗಿತ್ತು.

"ಇದೂ ರೈಲೇ ಅಲ್ವೇನೇ," ಅಂದೆ ನಾನು, ಹೆದರಿ.

"ಎಲ್ಲಿದೆ ರೈಲು? ಮುಟ್ಟಿ ತೋರ್ಸು. ನಾನು ಹೊಲಿದದ್ದೂ ಇಲ್ಲ, ಬರೆದದ್ದೂ ಇಲ್ಲ. ಅಲ್ಲಿರೋದು ಎಬೊನ ಬಟ್ಟೆ."

"ಅವರು ಒಪ್ಪದೆ ಇದ್ರೆ?"

"ಒಪ್ಪದೆ ಇದ್ರೆ ನಿನ್ನ ಕಿವಿ ಹುಷಾರು. ನಿಮ್ಮ ಮನೇಲಿ ಆಗ್ಲೇ ಒಂದು ಕಮ್ಮಿ."

ಶನಿವಾರ ಮೆರವಣಿಗೆ ಹೊರಟಿತು. ಮುಂದೆ ಡೋಲು, ಅದರ ಹಿಂದೆ ನಮ್ಮ ಮೊಸಳೆಯ ಬಾವುಟ, ಅದರ ಹಿಂದೆ ಎಕುವಾ. ಆಬಾ ನನ್ನನ್ನು ಬೈಯುವುದನ್ನೂ ಮರೆತು, ಎಕುವಾಳ ಬೆನ್ನನ್ನೇ ನೋಡುತ್ತ ನನ್ನ ಪಕ್ಕದಲ್ಲೇ ನಡೆಯುತ್ತಿದ್ದಳು. ಒಂದನೇ ದಳದ ಕಟ್ಟೆಯ ಮುಂದೆ ಅವರ ಹುಡುಗರು ದಾರಿಗೆ ಅಡ್ಡ ನಿಂತಿದ್ದರು. ಅರ್ಧ ತಲೆಯ ಮೇಲೆ ಟೋಪಿ ಹಾಕಿಕೊಂಡು ಫೀಫಿ ಎಲ್ಲರಿಗಿಂತ ಮುಂದೆ.

"ತೆಗೀಲಿಲ್ಲ ಇವಳು!" ಎಂದು ಕಿರುಚಿದ. "ನೋಡಿ, ಹಂಗೇ ಇದೆ!"

ನಮ್ಮ ಡೋಲು ನಿಂತಿತು. ಹುಡುಗರ ನಡುವಿನಿಂದ ಕ್ವಮೆನಾ ಅರ್ಹಿನ್ ಕೋಲೂರಿಕೊಂಡು ಬಂದರು. ಎಂಬತ್ತು ದಾಟಿದ ಮನುಷ್ಯ, ನಾಯಕನ ಕೆಂಪು ಟೋಪಿ ತಲೆಯ ಮೇಲಿತ್ತು. ಆ ಟೋಪಿಯನ್ನು ಅವರು ತಮ್ಮ ದಳದ ಸತ್ತವರಿಗಲ್ಲದೆ ಬೇರೆ ಯಾರಿಗೂ ತೆಗೆಯುವುದಿಲ್ಲವೆಂದು ಊರಿಗೆಲ್ಲ ಗೊತ್ತು.

"ತಿರುಗಮ್ಮ," ಅಂದರು.

ಎಕುವಾ ತಿರುಗಿ ಬೆನ್ನು ತೋರಿಸಿದಳು. ಮುದುಕ ಹತ್ತಿರ ಬಂದು ಬಗ್ಗಿ ನೋಡಿದರು. ಬಣ್ಣದ ಅಂಚಿನ ಮೇಲೆ ಬೆರಳಿಟ್ಟು ಚಿಮಣಿಯಿಂದ ಚಕ್ರದವರೆಗೆ ನಿಧಾನವಾಗಿ ಎಳೆದರು. ಬೆರಳಿಗೆ ಬರೀ ಬಟ್ಟೆ ಸಿಕ್ಕಿತು. ಆಬಾ ನನ್ನ ತೋಳನ್ನು ಎಷ್ಟು ಜೋರಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಒಂದು ವಾರ ಇತ್ತು.

ಅವರ ಬೆರಳು ಬಾವುಟದ ರೈಲಿನಲ್ಲಿ ಡ್ರೈವರನ ಕಿಟಕಿ ಇರುವ ಜಾಗಕ್ಕೆ ಬಂದು ನಿಂತಿತು.

"ಡ್ರೈವರ್ ಎಲ್ಲಿ?"

"ತೀರಿಕೊಂಡ್ರು ತಾತ," ಅಂದಳು ಎಕುವಾ. "ನಮ್ಮಪ್ಪ."

ಮುದುಕ ಕೋಲನ್ನು ಫೀಫಿಯ ಕೈಗೆ ಕೊಟ್ಟು ಎರಡೂ ಕೈಯಿಂದ ತಲೆಯ ಮೇಲಿನ ಕೆಂಪು ಟೋಪಿ ತೆಗೆದರು. ಹಿಂದೆ ನಿಂತಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ದಾರಿಯ ಎರಡು ಪಕ್ಕಕ್ಕೆ ಸರಿದರು. ಫೀಫಿಯೂ ಟೋಪಿ ತೆಗೆದ, ಅರ್ಧ ಬೋಳು ಅರ್ಧ ಕೂದಲು ಎಲ್ಲರಿಗೂ ಕಂಡಿತು, ಒಬ್ಬರೂ ನಗಲಿಲ್ಲ. ನಾನು ಊರೆಲ್ಲ ನೋಡುವ ಹಾಗೆ ಅತ್ತುಬಿಟ್ಟೆ. ಎಕುವಾ ಅವರ ನಡುವೆ ನಡೆದುಹೋದಳು. ಅವಳ ಬೆನ್ನು ಕಟ್ಟೆ ದಾಟುವವರೆಗೆ ಕ್ವಮೆನಾ ಅರ್ಹಿನ್ ಬರಿದಲೆಯಲ್ಲಿ ಬಿಸಿಲಿಗೆ ನಿಂತೇ ಇದ್ದರು.